ಎಲ್ಲರ ಹುಲ್ಲುಗಾವಲು, ಎಲ್ಲರ ಹೊಣೆ

ಗೋಮಾಳವು ಎಲ್ಲರದಾದರೆ ಪ್ರತಿಯೊಬ್ಬನೂ ಹೆಚ್ಚು ದನ ಬಿಡುವನು, ಕೊನೆಗೆ ಹುಲ್ಲೇ ಉಳಿಯದು ಎಂದು 1968ರಲ್ಲಿ ಜೀವಶಾಸ್ತ್ರಜ್ಞ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಸರ್ಕಾರದ ಹಿಡಿತ ಇಲ್ಲವೇ ಖಾಸಗಿ ಒಡೆತನವೇ ಪರಿಹಾರವೆಂಬ ಭಾವನೆ ಬಲಗೊಂಡಿತು.

ಆದರೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಗ್ರಾಮದಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಬೇರೆಯದನ್ನೇ ಕಂಡರು. ಚಳಿಗಾಲದಲ್ಲಿ ಮೇವುಣಿಸಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಕಳುಹಿಸಬೇಕೆಂದು ಗ್ರಾಮಸ್ಥರು 1517ರಲ್ಲೇ ನಿಯಮ ಬರೆದಿದ್ದರು, ಮೀರಿದವರಿಗೆ ದಂಡವಿತ್ತು. ಹುಲ್ಲುಗಾವಲು ಶತಮಾನಗಳ ಕಾಲ ಉಳಿಯಿತು.

ಇಂತಹ ಉದಾಹರಣೆಗಳನ್ನು 1990ರ ತಮ್ಮ ಗ್ರಂಥದಲ್ಲಿ ವಿಶ್ಲೇಷಿಸಿದ ಎಲಿನರ್ ಆಸ್ಟ್ರಂ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯೂ ಗ್ರಾಮಸಭೆಯ ಮಾತಿಗೆ ಬೆಲೆ ಕೊಟ್ಟಿದೆ. ಹುಲ್ಲನ್ನು ಅಳೆದರೆ ಸಾಲದು. ಅದನ್ನು ಕಾಯ್ದುಕೊಂಡು ಬಂದವರನ್ನೂ ಕೇಳಬೇಕು. ಅವರನ್ನು ಹೊರಗಿಟ್ಟ ನೀತಿಯು ಕಾವಲುಗಾರರನ್ನೇ ಕಳೆದುಕೊಳ್ಳುತ್ತದೆ.