ಗಣಕಯಂತ್ರದ ಕಿರುಸ್ಮೃತಿಯೂ ಕನ್ನಡ ಲಿಪಿಯೂ

ಕೊಳ್ಳೇಗಾಲ, ಯಳಂದೂರು, ಹನೂರು ಎಂಬ ಮೂರು ಹೆಸರುಗಳನ್ನು ಗಣಕಯಂತ್ರದಲ್ಲಿ ಬರೆದಿಡಲು ಎಷ್ಟು ಸ್ಥಳ ಬೇಕೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾಗಿ ಕಂಡೀತು. ಆದರೆ ಕಳೆದ ಶತಮಾನದ ಕಡೆಯ ಎರಡು ದಶಕಗಳಲ್ಲಿ ಕನ್ನಡ ಬರಹವು ಯಂತ್ರವನ್ನು ಹೊಕ್ಕ ಬಗೆಯನ್ನು ತಿಳಿಯಲು ಇದು ತಕ್ಕ ನಿದರ್ಶನವಾಗಿದೆ.

1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಗಣಕದಲ್ಲಿ ಸ್ಮೃತಿಯ ವಿಳಾಸವನ್ನು ಸೂಚಿಸುವ ತಂತಿಗಳು ಇಪ್ಪತ್ತೇ ಇದ್ದುವು. ಆದಕಾರಣ ಅದು ಎಣಿಸಬಲ್ಲ ಬೈಟುಗಳು 10,48,576 ಮಾತ್ರ. ಇವುಗಳಲ್ಲಿ ಮೇಲಿನ 384 ಕಿಲೋಬೈಟುಗಳನ್ನು ಪರದೆ ಮೊದಲಾದ ಉಪಕರಣಗಳಿಗೆ ಮೀಸಲಿಟ್ಟು, ಉಳಿದ 640ನ್ನು ಡಾಸ್ ಎಂಬ ಕಾರ್ಯವ್ಯವಸ್ಥೆಗೂ ಅದರಡಿ ನಡೆಯುವ ತಂತ್ರಾಂಶಗಳಿಗೂ ಬಿಡಲಾಯಿತು. ಪುಟವೊಂದಕ್ಕೆ ಎರಡು ಸಾವಿರ ಸಂಕೇತಗಳೆಂದು ಹಿಡಿದರೆ, ಸಂಕೇತಕ್ಕೆ ಒಂದು ಬೈಟಿನಂತೆ ಇದರಲ್ಲಿ ಸುಮಾರು 327 ಪುಟಗಳೂ ಮೂರು ಬೈಟಿನಂತೆ 109 ಪುಟಗಳೂ ಹಿಡಿಸುವುವು. ಮಲೆಯ ಮಾದಪ್ಪನ ಕಾವ್ಯವನ್ನು ಪುಸ್ತಕದ ಹಂಗಿಲ್ಲದೆ ರಾತ್ರಿಯಿಡೀ ಹಾಡುವ ಕಂಸಾಳೆಯವರ ಸೀಮೆಯಲ್ಲಿ ಈ ಅಳತೆಯು ಹೇಳಿಕೊಳ್ಳುವಂಥದಲ್ಲ.

ಕನ್ನಡಕ್ಕೆ ಒದಗಿದ ತೊಡಕಿಗೆಲ್ಲ ಈ 640ರ ಎಲ್ಲೆಯೇ ಕಾರಣವೆಂದು ಭಾವಿಸುವುದು ಸಮಂಜಸವಲ್ಲ. ಆ ಎಲ್ಲೆಯನ್ನು ಹಣದಿಂದಲೂ ಉಪಾಯದಿಂದಲೂ ದಾಟಬಹುದಾಗಿತ್ತು. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸಂಸ್ಥೆಗಳು ಕೂಡಿ ವಿಸ್ತೃತ ಸ್ಮೃತಿಯ ಕ್ರಮವೊಂದನ್ನು ನಿರ್ಮಿಸಿದುವು. 1991ರ ಡಾಸ್ 5 ತನ್ನ ಕೆಲವು ಭಾಗವನ್ನು ತಾನೇ ಮೇಲಿನ ಸ್ಮೃತಿಗೆ ಸಾಗಿಸಿಕೊಂಡಿತು. ದಾಟಲಾಗದೆ ಉಳಿದುದು ಬೇರೊಂದು ಎಲ್ಲೆ. ಎಂಟು ಬಿಟ್ಟುಗಳ ಬೈಟಿನಲ್ಲಿ 256 ಸಂಕೇತಗಳಿಗೆ ಮಾತ್ರ ಎಡೆ. ಅದರಲ್ಲಿ ಅರ್ಧವು ರೋಮನ್ ಲಿಪಿಯ ಪಾಲು. ಇಸ್ಕಿ ಎಂಬ ಭಾರತೀಯ ಸಂಕೇತಮಾನವು (ಐಎಸ್ 13194, 1991) ಉಳಿದ ಅರ್ಧದಲ್ಲಿ ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿಯೇ ಇಟ್ಟಿತು. ಅವುಗಳನ್ನು ಒತ್ತು, ಗುಣಿತಗಳೊಡನೆ ಪರದೆಯ ಮೇಲೆ ಜೋಡಿಸುವ ಕೆಲಸವನ್ನು ಜಿಸ್ಟ್ ಎಂಬ ಪ್ರತ್ಯೇಕ ಕಾರ್ಡು ವಹಿಸಿಕೊಂಡಿತು. ಬಳಿಕ ಹರಡಿದ ನುಡಿ, ಬರಹ ಮೊದಲಾದವುಗಳ ಹಳೆಯ ವಿನ್ಯಾಸದಲ್ಲಾದರೋ ಸಂಕೇತವು ಅಕ್ಷರಕ್ಕಲ್ಲ, ಅಕ್ಷರದ ತುಂಡಿಗೆ.

ಯಳಂದೂರು ಎಂಬ ಹೆಸರಿಗೆ ಇಸ್ಕಿಯಲ್ಲಿ 7 ಬೈಟು ಸಾಕು. ಹಳೆಯ ನುಡಿಯಲ್ಲಿ 13 ಬೇಕು. ಯಕಾರವೊಂದಕ್ಕೇ ನಾಲ್ಕು ತುಂಡುಗಳು: ಸೊನ್ನೆಯ ಆಕೃತಿ, ಅದರ ಮುಂದಿನ ಸುಳಿ, ತಲೆಕಟ್ಟು, ಉಕಾರದ ಕೊಂಬು. ಹೀಗಾಗಿ ಹೆಸರಿನ ಮೊದಲಲ್ಲಿರುವ ಯಕಾರವೂ ನಡುವಿನ ಅನುಸ್ವಾರವೂ ಒಂದೇ ಸಂಕೇತದಿಂದ ತೊಡಗುತ್ತವೆ! ಕೊಳ್ಳೇಗಾಲಕ್ಕೆ ಇಸ್ಕಿಯಲ್ಲಿ 9, ನುಡಿಯಲ್ಲಿ 10. ಇಲ್ಲಿ ಎತ್ವದ ಗುರುತು ಮೊದಲು, ಳಕಾರದ ಒತ್ತು ಆಮೇಲೆ, ದೀರ್ಘವು ಎಲ್ಲಕ್ಕೂ ಹಿಂದೆ. ಹನೂರಿಗೆ ಕ್ರಮವಾಗಿ 5 ಮತ್ತು 8. ಅಕಾರಾದಿಯಲ್ಲಿ ಕೊಳ್ಳೇಗಾಲ, ಯಳಂದೂರು, ಹನೂರು ಎಂದು ಬರಬೇಕಾದ ಪಟ್ಟಿಯನ್ನು ಯಂತ್ರವು ಸಂಕೇತಗಳ ಅಂಕಿಗಳಂತೆ ಜೋಡಿಸಿದಾಗ ಯಳಂದೂರು ಮೊದಲಿಗೆ ಬಂದು ನಿಲ್ಲುತ್ತದೆ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಕನ್ನಡಕ್ಕೆ ಸ್ವತಂತ್ರವಾದ ಸ್ಥಾನವನ್ನು ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕಾರ್ಯವ್ಯವಸ್ಥೆಯೇ ಕನ್ನಡದ ಅಕ್ಷರ ಜೋಡಣೆಯನ್ನು ಕೈಕೊಂಡಿತು. ಯುಟಿಎಫ್-8 ಎಂಬ ರೂಪದಲ್ಲಿ ಮೇಲಿನ ಮೂರು ಹೆಸರುಗಳಿಗೆ 27, 21, 15 ಬೈಟುಗಳು ಬೇಕು. ಡಾಸಿನ ಕಾಲಕ್ಕೆ ಇದು ದುಂದಾಗಿ ತೋರುತ್ತಿತ್ತು. ಇಂದು ಗಣನೆಗೇ ಬಾರದು. ಆದರೆ ತುಂಡುಗಳಲ್ಲಿ ಬರೆದ ಹಳೆಯ ಕಡತಗಳು ಅಚ್ಚಿನಲ್ಲಿ ನಿರ್ದೋಷವಾಗಿ ಕಂಡರೂ ಪದಶೋಧನೆಗೆ ಒಗ್ಗುವುದಿಲ್ಲ. ಅಂಥ ಕಡತದಲ್ಲಿರುವ ಕಾವ್ಯಕ್ಕೆ ಪದಸೂಚಿಯನ್ನು ಸಿದ್ಧಪಡಿಸುವ ಮುನ್ನ, ಒತ್ತಿನ ಹಿಂದೆ ಬಿದ್ದ ದೀರ್ಘವನ್ನು ಸ್ವಸ್ಥಾನಕ್ಕೆ ತಂದು, ನಾಲ್ಕು ತುಂಡಿನ ಯಕಾರವನ್ನು ಒಂದಕ್ಷರವಾಗಿ ಕಟ್ಟಬೇಕಾಗುತ್ತದೆ.