ವೀರಗಲ್ಲಿನ ಪದ್ಯವೂ ಶರಣರ ಬಾಳ್ವೆಯೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಹಳ್ಳಿಗಳಲ್ಲಿ ಗುಡಿಯ ಮಗ್ಗುಲಲ್ಲಿಯೋ ಕೆರೆಯ ಏರಿಯ ಮೇಲೆಯೋ ಹೊಲದ ಬದುವಿನಲ್ಲಿಯೋ ನಿಂತಿರುವ ವೀರಗಲ್ಲುಗಳನ್ನು ಕಾಣದವರು ವಿರಳ. ಅವನ್ನು ದೇವರೆಂದು ತಿಳಿದು ಕೈಮುಗಿಯುವವರುಂಟು. ಬಟ್ಟೆ ಒಗೆಯುವ ಹಾಸುಗಲ್ಲಾಗಿ ಬಳಸುವವರೂ ಉಂಟು. ಆದರೆ ಅವುಗಳಲ್ಲಿ ಅನೇಕವು ಅಕ್ಷರಗಳನ್ನು ಹೊತ್ತಿರುವುವು. ಆ ಬರಹವು ಕೆಲವೆಡೆ ಪದ್ಯರೂಪವಾಗಿಯೂ ಇರುವುದು. ಮಡಿದವನ ಮೇಲೆ ಕಟ್ಟಿದ ಕವಿತೆಯು ಬದುಕಿರುವವರಿಗೆ ಏನನ್ನು ಬೋಧಿಸುವುದೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಬಿ. ಎಲ್. ರೈಸ್ ಮಹಾಶಯರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ (1902) ಹೊನ್ನಾಳಿ ಮತ್ತು ಚನ್ನಗಿರಿಯ ಶಾಸನಗಳನ್ನೂ, 11ನೆಯ ಸಂಪುಟದಲ್ಲಿ (1903) ಜಗಳೂರಿನವನ್ನೂ ಪ್ರಕಟಿಸಿದರು. ಆಗ ಮೊದಲೆರಡು ತಾಲ್ಲೂಕುಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಒಂದಾದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದುದು ಈಚೆಗೆ. ನ್ಯಾಮತಿಗೆ ಸೇರಿದ ಬೆಳಗುತ್ತಿಯಿಂದ ಸಿಂದರು 12 ಮತ್ತು 13ನೆಯ ಶತಮಾನಗಳಲ್ಲಿ ಆಳಿದರು. ಅಂದಿನ ಪ್ರಜೆಗಳಿಗೆ ಯುದ್ಧವು ಅರಮನೆಯ ಸುದ್ದಿ ಮಾತ್ರವಾಗಿರಲಿಲ್ಲ. ಅದು ಊರಬಾಗಿಲಿಗೇ ಬರುವ ವಿಪತ್ತಾಗಿದ್ದಿತು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವೂ, ನಡುವೆ ವೀರನನ್ನು ಕರೆದೊಯ್ಯುವ ದೇವಾಂಗನೆಯರೂ, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರನೂ, ತುದಿಯಲ್ಲಿ ಸೂರ್ಯಚಂದ್ರರೂ ಕಾಣುವರು. ಮಡಿದವರೆಲ್ಲರೂ ಅರಸುಮಕ್ಕಳಲ್ಲ. ತುರುಗಳನ್ನು ಮರಳಿಸುವುದಕ್ಕಾಗಿ, ಊರನ್ನು ಉಳಿಸುವುದಕ್ಕಾಗಿ, ಹೆಣ್ಣುಮಕ್ಕಳ ಮಾನವನ್ನು ಕಾಯುವುದಕ್ಕಾಗಿ ಪ್ರಾಣವಿತ್ತ ಸಾಮಾನ್ಯರೂ ಇವುಗಳಲ್ಲಿ ಹೆಸರು ಪಡೆದಿರುವರು. ಇಂಥವರ ಮನೆಯವರಿಗೆ ‘ನೆತ್ತರುಗೊಡಗೆ’ ಎಂದು ಭೂಮಿಯನ್ನು ಬಿಡುವ ಪದ್ಧತಿಯು ಕರ್ಣಾಟಕದಲ್ಲಿ ಬಳಕೆಯಲ್ಲಿದ್ದಿತು. ಸತ್ತವನಿಗೆ ಪದ್ಯ, ಉಳಿದವರಿಗೆ ಅನ್ನ. ಇವೆರಡೂ ಜೊತೆಯಾಗಿ ನಡೆದುವೆಂಬುದನ್ನು ಮರೆಯಲಾಗದು.

ಕರ್ಣಾಟಕದ ಅನೇಕ ವೀರಗಲ್ಲುಗಳಲ್ಲಿ ಒಂದು ಸಂಸ್ಕೃತ ಶ್ಲೋಕವು ಮತ್ತೆ ಮತ್ತೆ ಬರುವುದು. ಗೆದ್ದವನಿಗೆ ಸಿರಿಯೂ ಮಡಿದವನಿಗೆ ಸ್ವರ್ಗಸುಖವೂ ಲಭಿಸುವುದರಿಂದ, ಕ್ಷಣಿಕವಾದ ದೇಹಕ್ಕೆ ರಣದಲ್ಲಿ ಸಾವಿನ ಚಿಂತೆ ಏತಕ್ಕೆಂಬುದು ಅದರ ತಾತ್ಪರ್ಯ. ಈ ಮಾತಿಗೆ ಎರಡು ಮುಖಗಳುಂಟು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಕಂಬವೊಂದರ ಶಾಸನವು, 1220ರಲ್ಲಿ ವೀರಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ಪತ್ನೀಸಮೇತನಾಗಿ, ತನ್ನ ಪರಿವಾರದ ವೀರರೊಡನೆ ಪ್ರಾಣತ್ಯಾಗ ಮಾಡಿದುದನ್ನು ಕೊಂಡಾಡುವುದು. ಅಲ್ಲಿ ಕವಿತೆಯು ಸಾವಿನ ಕಡೆಗೆ ಕರೆಯಿತು. ಊರಿನ ದನವನ್ನು ಬಿಡಿಸಿ ಸತ್ತವನ ಕಲ್ಲಿನಲ್ಲಾದರೋ ಅದೇ ಕವಿತೆಯು, ಅಲ್ಪವಾದ ಆಯುಷ್ಯವನ್ನು ನೆರೆಯವರ ಹಿತಕ್ಕೆ ವೆಚ್ಚಮಾಡೆಂದು ಬದುಕಿನ ಕಡೆಗೆ ಕರೆಯುವುದು. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದಲ್ಲಿ ನಂದಿಸೇನ ಮುನಿಯ ಮೇಲೆ ಕೆತ್ತಿರುವ ಪ್ರಾಚೀನ ಪದ್ಯವು ರೂಪ, ಧನ, ವೈಭವಗಳನ್ನು ಮಳೆಬಿಲ್ಲಿಗೂ ಮಿಂಚಿಗೂ ಮಂಜಿಗೂ ಹೋಲಿಸಿ, ಆಯುಷ್ಯದ ಅಲ್ಪತೆಯನ್ನೇ ಇನ್ನೊಂದು ಬಗೆಯಲ್ಲಿ ನೆನಪಿಸುವುದು.

ಈ ವಿಚಾರಕ್ಕೆ ಹೊಸ ತಿರುವನ್ನು ಕೊಟ್ಟವರು 12ನೆಯ ಶತಮಾನದ ಶರಣರು. ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇರುವುವು. ವೀರಗಲ್ಲುಗಳನ್ನು ನೆಡುತ್ತಿದ್ದ ಕಾಲದಲ್ಲಿಯೇ, ಅದೇ ನಾಡಿನಲ್ಲಿ ಅವರು ಹುಟ್ಟಿ ಬೆಳೆದರು. ಶರಣರು ಮರಣಕ್ಕೆ ಅಂಜಲಿಲ್ಲ. ಅದನ್ನು ಲಿಂಗೈಕ್ಯವೆಂದು ಕರೆದರು, ಸಾವಿನ ಸೂತಕವನ್ನು ಒಪ್ಪಲಿಲ್ಲ. ಆದರೆ ಸ್ವರ್ಗದ ಆಸೆಯನ್ನು ತೋರಿಸಿ ಯಾರನ್ನೂ ಸಾವಿಗೆ ಕರೆಯಲಿಲ್ಲ.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿ, ಗೂಳೂರು ಸಿದ್ಧವೀರಣ್ಣೊಡೆಯನೇ ಮೊದಲಾದವರು ಬೆಳೆಯಿಸಿದ ಶೂನ್ಯಸಂಪಾದನೆಯಲ್ಲಿ ಶರಣರ ಐಕ್ಯದ ಪ್ರಸಂಗಗಳು ಇರುವುವು. ಆದರೂ ಭಕ್ತರ ನೆನಪಿನಲ್ಲಿ ನಿಂತಿರುವುದು ಅವರ ದಿನದಿನದ ನಡೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಕಾಯಕವನ್ನು ನಿಲ್ಲಿಸದ ನುಲಿಯ ಚಂದಯ್ಯ. ಪತಿಯು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮ. ಇವರು ಯಾವ ದಿನ, ಯಾವ ರೀತಿಯಲ್ಲಿ ಕಾಲವಾದರೆಂದು ಕೇಳುವವರಿಲ್ಲ. ವೀರಗಲ್ಲು ಮನುಷ್ಯನ ಕಡೆಯ ದಿನವನ್ನು ಕೆತ್ತಿತು. ಶರಣಸಾಹಿತ್ಯವು ಅವನ ಎಲ್ಲ ದಿನಗಳನ್ನೂ ಬರೆಯಿತು.

ಇದರಿಂದ ವೀರಗಲ್ಲು ಹೀನವೆಂದು ಭಾವಿಸಲಾಗದು. ಪರರಿಗಾಗಿ ಪ್ರಾಣವನ್ನೇ ಕೊಟ್ಟವನ ಮುಂದೆ, ಪರರಿಗಾಗಿ ದಿನದ ಒಂದು ಗಳಿಗೆಯನ್ನೂ ಕೊಡದವನು ನಾಚಬೇಕಾಗುವುದು. ಇಂದಿಗೂ ಈ ಸೀಮೆಯ ಹಳ್ಳಿಗಳಲ್ಲಿ ಸಾವಾದ ಮನೆಯ ಅಂಗಳದಲ್ಲಿ ರಾತ್ರಿಯಿಡೀ ಭಜನೆ ನಡೆಯುವುದುಂಟು. ಅಲ್ಲಿ ಹಾಡುವ ತತ್ತ್ವಪದಗಳು ಮಲಗಿದವನಿಗಾಗಿ ಅಲ್ಲ, ಸುತ್ತಲೂ ಕುಳಿತವರಿಗಾಗಿ. ಬೆಳಗಾದ ಮೇಲೆ ನೇಗಿಲು ಹಿಡಿಯಬೇಕಾದವರು ಅವರೇ. ಆದುದರಿಂದ ಭಕ್ತಮಹಾಶಯರು ತಮ್ಮ ತಮ್ಮ ಊರಿನ ವೀರಗಲ್ಲುಗಳನ್ನು ತೊಳೆದು, ಎತ್ತಿ ನಿಲ್ಲಿಸಿ, ಅವುಗಳ ಅಕ್ಷರಗಳನ್ನು ಬಲ್ಲವರಿಂದ ಓದಿಸಿ ಮಕ್ಕಳಿಗೆ ತಿಳಿಸುವುದು ಉಚಿತ. ಆ ಮೇಲೆ ಕಾಯಕ-ದಾಸೋಹಗಳಿಂದ ತುಂಬಿದ ದಿನವೊಂದನ್ನು ಬಾಳಿ ತೋರಿಸಿದರೆ, ಮಡಿದವರ ಋಣವು ತಕ್ಕಮಟ್ಟಿಗಾದರೂ ಸಂದಂತಾಗುವುದು.