ಲಿಂಕನ್ನಿನ ಬಿಷಪ್ ಹ್ಯೂ

ಇಂಗ್ಲೆಂಡಿನ ಲಿಂಕನ್ ಪಟ್ಟಣದ ಮಹಾದೇವಾಲಯದಲ್ಲಿ ಮಧ್ಯಯುಗದ ಯಾತ್ರಿಕನಿಗೆ ಹ್ಯೂ ಎಂಬ ಒಂದೇ ಹೆಸರಿನ ಇಬ್ಬರ ಗದ್ದುಗೆಗಳು ಕಾಣಿಸುತ್ತಿದ್ದವು. ಒಬ್ಬನು ಅಲ್ಲಿಯ ಬಿಷಪ್ಪನಾಗಿದ್ದವನು. ಇನ್ನೊಬ್ಬನು ಎಂಟೊಂಬತ್ತು ವಯಸ್ಸಿನ ಬಾಲಕ. ಮೊದಲನೆಯವನು ಬದುಕಿದ್ದಿದ್ದರೆ ಎರಡನೆಯ ಗದ್ದುಗೆಯನ್ನು ಏಳಗೊಡುತ್ತಿರಲಿಲ್ಲವೆಂದು ನಾವು ಹೇಳಲು ಧೈರ್ಯಮಾಡುತ್ತೇವೆ. ಹಾಗೆ ಹೇಳುವುದಕ್ಕೆ ಕಾರಣವೇನೆಂಬುದನ್ನು ಶ್ರೋತೃಗಳ ಮುಂದಿಡುವುದೇ ಈ ಹೊತ್ತಿನ ನಮ್ಮ ಉದ್ದೇಶ.

ಹ್ಯೂ ಆಂಗ್ಲ ದೇಶದವನಲ್ಲ. ಆಲ್ಪ್ಸ್ ಪರ್ವತಸೀಮೆಯ ಅವಲಾನ್ ಎಂಬಲ್ಲಿ 1140ರ ಸುಮಾರಿನಲ್ಲಿ ಹುಟ್ಟಿ, ತರುಣನಾಗಿದ್ದಾಗಲೇ ಗ್ರಾಂಡ್ ಶಾರ್ತ್ರೂಸ್ ಮಠವನ್ನು ಸೇರಿದನು. ಮೌನ, ಏಕಾಂತ, ಮಾಂಸವರ್ಜನ, ಇವು ಆ ಮಠದ ಕಾರ್ಥೂಸಿಯನ್ ಸಂನ್ಯಾಸಿಗಳ ನಿಯಮ. 1170ರಲ್ಲಿ ಆರ್ಚ್‌ಬಿಷಪ್ ತಾಮಸ್ ಬೆಕೆಟ್ಟನ ಕೊಲೆಯಾಯಿತಷ್ಟೆ; ಅದರ ಪ್ರಾಯಶ್ಚಿತ್ತಕ್ಕೆಂದು ದೊರೆ ಎರಡನೆಯ ಹೆನ್ರಿಯು ವಿಥಮ್ ಎಂಬಲ್ಲಿ ಈ ಪಂಥದ ಮಠವೊಂದನ್ನು ಸ್ಥಾಪಿಸಿ, ಹ್ಯೂವನ್ನು ಅದರ ಮುಖ್ಯಸ್ಥನಾಗಿ ಕರೆಸಿಕೊಂಡನು. ಮಠಕ್ಕಾಗಿ ಮನೆಮಾರು ಕಳೆದುಕೊಳ್ಳಬೇಕಾದ ಒಕ್ಕಲಿಗರಿಗೆ ಕೊನೆಯ ಕಾಸಿನವರೆಗೂ ಪರಿಹಾರ ಸಲ್ಲದೆ ತಾನು ಅಧಿಕಾರ ವಹಿಸುವುದಿಲ್ಲವೆಂದು ಬಂದವನು ಹಟ ಹಿಡಿದನು. ದೊರೆ ಹಣ ಕೊಟ್ಟನು.

1186ರಲ್ಲಿ ಲಿಂಕನ್ನಿನ ಬಿಷಪ್ ಪೀಠಕ್ಕೆ ಅವನನ್ನು ಆರಿಸಿದಾಗಲೂ ಹೀಗೆಯೇ ಆಯಿತು. ಅರಸನ ಎದುರಿನಲ್ಲಿ ನಡೆದ ಆಯ್ಕೆ ಸ್ವತಂತ್ರವಾದುದಲ್ಲವೆಂದು ಅವನು ಅದನ್ನು ತಳ್ಳಿಬಿಟ್ಟನು. ಲಿಂಕನ್ನಿನ ಪುರೋಹಿತವರ್ಗದವರು ತಮ್ಮ ಸಭೆಯಲ್ಲಿಯೇ ಕುಳಿತು ಮತ್ತೆ ಆರಿಸಬೇಕಾಯಿತು. ಪೀಠವೇರಿದ ಮೇಲೆ ಅರಸನ ಅರಣ್ಯಾಧಿಕಾರಿಗೆ ಧರ್ಮಬಹಿಷ್ಕಾರ ಹಾಕಿದನು. ಆಸ್ಥಾನಿಕನೊಬ್ಬನಿಗೆ ದೇವಾಲಯದ ವೃತ್ತಿಯೊಂದನ್ನು ಕೊಡೆಂದು ಅರಸನು ಕೇಳಿದರೆ ಒಲ್ಲೆನೆಂದನು. ಹೆನ್ರಿ ಕೆರಳಿ ವುಡ್‌ಸ್ಟಾಕಿಗೆ ಕರೆಸಿದನು. ಅಲ್ಲಿ ಮರಗಳ ನೆರಳಿನಲ್ಲಿ ಆಸ್ಥಾನವೆಲ್ಲವೂ ಅಪ್ಪಣೆಯಂತೆ ಬಾಯಿ ಬಿಗಿದು ಕುಳಿತಿತ್ತು. ಯಾರೂ ಏಳಲಿಲ್ಲ, ನಮಸ್ಕರಿಸಲಿಲ್ಲ. ಹ್ಯೂ ಒಬ್ಬನನ್ನು ಪಕ್ಕಕ್ಕೆ ಸರಿಸಿ ದೊರೆಯ ಮಗ್ಗುಲಲ್ಲಿ ಕುಳಿತನು. ದೊರೆಯಾದರೋ ಸೂಜಿದಾರ ತರಿಸಿ ತನ್ನ ಬೆರಳಿಗೆ ಕಟ್ಟಿದ್ದ ಬಟ್ಟೆಯನ್ನು ಹೊಲಿಯತೊಡಗಿದನು. ಸ್ವಲ್ಪ ಹೊತ್ತು ನೋಡಿದ ಬಿಷಪ್ಪನು, ಈಗ ದೊರೆಯು ಫಾಲೇಸಿನ ನೆಂಟರಂತೆಯೇ ಕಾಣುತ್ತಾನೆಂದನು. ಫಾಲೇಸ್ ಚರ್ಮದ ಕೆಲಸಕ್ಕೆ ಹೆಸರಾದ ಊರು; ಹೆನ್ರಿಯ ಮುತ್ತಾತನಾದ ವಿಲಿಯಂ ದೊರೆಯ ತಾಯಿ ಅಲ್ಲಿಯ ಚರ್ಮ ಹದಮಾಡುವವನೊಬ್ಬನ ಮಗಳೆಂದು ಜನರ ಮಾತು. ಹೆನ್ರಿ ಬಿದ್ದು ಬಿದ್ದು ನಕ್ಕು, ತಿಳಿಯದವರಿಗೆ ತಾನೇ ಅದರ ಅರ್ಥ ಹೇಳಿದನಂತೆ. ಇದನ್ನೆಲ್ಲ ಬರೆದಿಟ್ಟವನು ಹ್ಯೂವಿನ ಅಂತ್ಯಕಾಲದಲ್ಲಿ ಜತೆಗಿದ್ದ ಐನ್‌ಷಮ್ಮಿನ ಆಡಮ್. ಶಿಷ್ಯನ ಭಕ್ತಿಗಾಗಿ ನಾವು ಸ್ವಲ್ಪ ಕಳೆದುಕೊಂಡು ಓದಿದರೂ ಉಳಿಯುವ ವ್ಯಕ್ತಿ ದೊಡ್ಡವನೇ. 1197ರಲ್ಲಿ ಹೆನ್ರಿಯ ಮಗ ರಿಚರ್ಡನು ಫ್ರಾನ್ಸಿನ ಯುದ್ಧಕ್ಕೆ 300 ಮಂದಿ ಸರದಾರರನ್ನು ಬೇಡಿದಾಗ, ತನ್ನ ಪೀಠದ ಸೇವೆ ಇಂಗ್ಲೆಂಡಿನ ಎಲ್ಲೆಯೊಳಗೆ ಮಾತ್ರವೆಂದು ಹೇಳಿದವನೂ ಇವನೇ.

ಆದರೆ ಅರಸರನ್ನು ಎದುರಿಸುವುದಕ್ಕಿಂತ ಭಕ್ತರ ಗುಂಪನ್ನು ಎದುರಿಸುವುದು ಕಷ್ಟ. 1190ರಲ್ಲಿ ರಿಚರ್ಡನು ಧರ್ಮಯುದ್ಧಕ್ಕೆ ಸಿದ್ಧನಾಗಿದ್ದಾಗ ಇಂಗ್ಲೆಂಡಿನ ಊರೂರುಗಳಲ್ಲಿ ಯೆಹೂದ್ಯರ ಮೇಲೆ ಜನ ಬಿದ್ದರು. ಸಾಲಕೊಟ್ಟವರನ್ನು ಕೊಂದರೆ ಸಾಲವೂ ತೀರಿತು, ಪುಣ್ಯವೂ ಬಂದಿತು! ಲಿಂಕನ್ನಿನ ಯೆಹೂದ್ಯರು ಕೋಟೆಯನ್ನು ಹೊಕ್ಕು ಉಳಿದರು. ಹ್ಯೂ ಅವರ ಪಕ್ಷ ವಹಿಸಿ ಆಯುಧ ಹಿಡಿದ ಗುಂಪಿಗೆ ಎದುರು ನಿಂತನು. ಸ್ಟಾಂಫರ್ಡಿನ ಲೂಟಿಯಲ್ಲಿ ಪಾಲುಗೊಂಡ ಜಾನ್ ಎಂಬ ಯುವಕನು ಕೊಳ್ಳೆಯೊಡನೆ ನಾರ್ಥಾಂಪ್ಟನ್ನಿಗೆ ಬಂದಾಗ ಇಳಿದ ಮನೆಯವನೇ ಹಣದಾಸೆಯಿಂದ ಅವನನ್ನು ಕೊಂದು ಊರ ಹೊರಗೆ ಎಸೆದನು. ಯಾರಿಗೋ ಕನಸು ಬಿದ್ದಿತು, ಪವಾಡಗಳ ಸುದ್ದಿ ಹಬ್ಬಿತು, ಕಳ್ಳನು ಧರ್ಮವೀರನಾದನು. ಯಾತ್ರಿಕರ ಕಾಣಿಕೆಯಿಂದ ಊರಿಗೂ ಲಾಭ. ಹ್ಯೂ ಸ್ವತಃ ಅಲ್ಲಿಗೆ ಹೋಗಿ ಪೂಜೆಯ ಚಿಹ್ನೆಗಳನ್ನು ಹಾಳುಗೆಡವಿ, ಮುಂದುವರಿಸಿದವರಿಗೆ ಬಹಿಷ್ಕಾರವೆಂದು ವಿಧಿಸಿದನು. ಸಮಕಾಲೀನ ಇತಿಹಾಸಕಾರನಾದ ನ್ಯೂಬರ್ಗಿನ ವಿಲಿಯಂ ಇದನ್ನು ದಾಖಲೆ ಮಾಡಿದ್ದಾನೆ.

1200ನೆಯ ನವೆಂಬರ್ 16ರಂದು ಹ್ಯೂ ಲಂಡನ್ನಿನಲ್ಲಿ ತೀರಿಕೊಂಡನು. ಲಿಂಕನ್ನಿನಲ್ಲಿ ಇಂಗ್ಲೆಂಡಿನ ದೊರೆ ಜಾನನೇ ಚಟ್ಟಕ್ಕೆ ಹೆಗಲು ಕೊಟ್ಟನು. ಯೆಹೂದ್ಯರು ಅಳುತ್ತ ಬಂದರೆಂದು ಆಡಮ್ ಬರೆಯುತ್ತಾನೆ. 1220ರಲ್ಲಿ ಪೋಪ್ ಮೂರನೆಯ ಹೊನೋರಿಯಸನು ಅವನನ್ನು ಸಂತನೆಂದು ಸಾರಿದನು. 1185ರ ಭೂಕಂಪದಿಂದ ಬಿರುಕುಬಿಟ್ಟಿದ್ದ ದೇವಾಲಯವನ್ನು ಹೊಸದಾಗಿ ಕಟ್ಟಿಸುತ್ತ, ಕಲ್ಲನ್ನು ತಾನೇ ಹೆಗಲ ಮೇಲೆ ಹೊತ್ತಿದ್ದವನ ಸಮಾಧಿಗೆ ಈಗ ಯಾತ್ರಿಕರ ನೂಕುನುಗ್ಗಲು.

1255ರಲ್ಲಿ ಅದೇ ಪಟ್ಟಣದ ಬಾವಿಯೊಂದರಲ್ಲಿ ಹ್ಯೂ ಎಂಬ ಹುಡುಗನ ಹೆಣ ಸಿಕ್ಕಿತು. ಯೆಹೂದ್ಯರು ಅವನನ್ನು ಶಿಲುಬೆಗೇರಿಸಿದರೆಂಬ ಸುಳ್ಳು ಹುಟ್ಟಿತು. ಪ್ರಾಣಭಿಕ್ಷೆಯ ಮಾತುಕೊಟ್ಟು ಒಬ್ಬನಿಂದ ತಪ್ಪೊಪ್ಪಿಗೆ ಪಡೆದರು. ದೊರೆ ಮೂರನೆಯ ಹೆನ್ರಿ ಅವನನ್ನೂ, ಬಳಿಕ ಲಂಡನ್ನಿನಲ್ಲಿ ಇನ್ನು 18 ಮಂದಿಯನ್ನೂ ಕೊಲ್ಲಿಸಿದನು. ಹುಡುಗನ ದೇಹವನ್ನು ಪುರೋಹಿತರು ಮೆರವಣಿಗೆಯಲ್ಲಿ ತಂದು ದೇವಾಲಯದೊಳಗೆ ಹೂಳಿದರು. ಪೋಪರು ಅವನನ್ನು ಎಂದೂ ಸಂತನೆಂದು ಸಾರಲಿಲ್ಲ, ಜನ ಕಾಯಲಿಲ್ಲ. ಆ ದೇವಾಲಯದ ಪೂರ್ವಭಾಗದಲ್ಲಿ ಬಿಷಪ್ಪನ ಗದ್ದುಗೆಗಾಗಿಯೇ ಕಟ್ಟಿದ 'ದೇವದೂತರ ಮಂಟಪ'ಕ್ಕೆ 1280ರಲ್ಲಿ ಅವನ ಅಸ್ಥಿಗಳನ್ನು ತಂದಿರಿಸಿದಾಗ ದೊರೆ ಒಂದನೆಯ ಎಡ್ವರ್ಡನು ಹಾಜರಿದ್ದನು. ಹತ್ತು ವರ್ಷಗಳಾದ ಮೇಲೆ, 1290ರಲ್ಲಿ, ಯೆಹೂದ್ಯರನ್ನೆಲ್ಲ ಇಂಗ್ಲೆಂಡಿನಿಂದ ಹೊರದೂಡಿದವನೂ ಅದೇ ಎಡ್ವರ್ಡನು.

ಎಂಟನೆಯ ಹೆನ್ರಿಯ ಕಾಲದಲ್ಲಿ, 1540ರಲ್ಲಿ, ಬಿಷಪ್ಪನ ಗದ್ದುಗೆಯನ್ನು ಕಿತ್ತು ಅದರ ಚಿನ್ನ ಬೆಳ್ಳಿಗಳನ್ನು ಬೊಕ್ಕಸಕ್ಕೆ ಸಾಗಿಸಿದರು. ಬಾಲಕನ ಸಮಾಧಿಯ ಅವಶೇಷ ಇನ್ನೂ ಇದೆ. ಆ ಕಥೆ ಕಟ್ಟುಕಥೆಯೆಂದೂ ಅದರಿಂದ ನಿರಪರಾಧಿಗಳು ಪ್ರಾಣ ಕಳೆದುಕೊಂಡರೆಂದೂ ತಿಳಿಸುವ ಫಲಕವನ್ನು ದೇವಾಲಯದವರು ಅದರ ಬಳಿ ಹಾಕಿದುದು 1955ರಲ್ಲಿ.